ತದಡಿ ಸೀಮೆಯ ಮರದ ಕೊಟ್ಟಿಗೆಗಳು: ನೆಲದಿಂದ ಓದಬೇಕಾದ ಚರಿತ್ರೆ

ಅಘನಾಶಿನಿ ಕಡಲು ಸೇರುವ ಅಳಿವೆಯ ಉತ್ತರ ದಂಡೆಯಲ್ಲಿ ತದಡಿ, ಎದುರು ದಂಡೆಯಲ್ಲಿ ನದಿಯ ಹೆಸರನ್ನೇ ಹೊತ್ತ ಊರು. ಅಲ್ಲಿಂದ ಒಳಕ್ಕೆ ಸಾಣಿಕಟ್ಟಾ, ಮಿರ್ಜಾನದ ಕಡೆಗೆ ಹೊರಟರೆ ಹಳೆಯ ಮನೆಗಳ ಮಗ್ಗುಲಲ್ಲೋ ಹಿತ್ತಿಲಲ್ಲೋ ಮರದ ಕಂಬ, ಮರದ ತೊಲೆ, ಹಂಚಿನ ಮಾಡಿನ ಇನ್ನೊಂದು ಕಟ್ಟಡ ಇನ್ನೂ ಅಲ್ಲಲ್ಲಿ ಉಳಿದಿದೆ. ಈಗ ಅದರೊಳಗೆ ಸೌದೆ, ಬೈಕು, ಹರಿದ ಬಲೆ, ತೆಂಗಿನಕಾಯಿ ರಾಶಿ. ಯಾವಾಗಿನದು ಎಂದು ಕೇಳಿದರೆ ಅಜ್ಜನ ಕಾಲದ್ದು ಎನ್ನುತ್ತಾರೆ, ಯಾತಕ್ಕೆ ಕಟ್ಟಿದ್ದು ಎಂದರೆ ದನ ಕಟ್ಟಲಿಕ್ಕೆ ಎನ್ನುತ್ತಾರೆ. ಎರಡನ್ನೂ ಪರೀಕ್ಷಿಸಿಯೇ ಒಪ್ಪಬೇಕು. ದನ ಕಟ್ಟಿದ್ದು ಹೇಳುವವರಿಗೆ ನೆನಪಿರುವ ಕೊನೆಯ ಬಳಕೆ ಮಾತ್ರ ಇರಬಹುದು. ಮೊದಲ ಬಳಕೆಗೆ ಸಾಕ್ಷಿ ಹೇಳುವುದು ಮರ ಮತ್ತು ಅದರ ಕೆಳಗಿನ ಕಲ್ಲು. ಆ ಸಾಕ್ಷಿಯನ್ನು ಕೇಳುವ ಬಗೆ ಯಾವುದು, ಇಲ್ಲಿಯವರೆಗೆ ಯಾರು ಹೇಗೆ ಕೇಳಿದ್ದಾರೆ, ನಮ್ಮ ಕರಾವಳಿಯಲ್ಲಿ ಆ ಪದ್ಧತಿಗಳು ಎಲ್ಲಿ ಒದಗುತ್ತವೆ, ಎಲ್ಲಿ ಕೈಕೊಡುತ್ತವೆ ಎಂಬುದನ್ನು ಒಟ್ಟಾಗಿ ನೋಡುವುದು ಈ ಬರಹದ ಕೆಲಸ.

ಬಯಲುಸೀಮೆಯವರು ಧಾನ್ಯವನ್ನು ನೆಲದೊಳಗೆ ಹುಗಿದಿಟ್ಟರು. ಒಣ ಮಣ್ಣಿನಲ್ಲಿ ತೋಡಿದ ಹಗೇವಿನಲ್ಲಿ ಜೋಳ, ರಾಗಿ ವರ್ಷಗಟ್ಟಲೆ ಕೆಡದೆ ಉಳಿಯುತ್ತಿದ್ದವು. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ, ಮೂರಡಿ ಅಗೆದರೆ ನೀರು ಒಸರುವ ಕುಮಟಾ–ಹೊನ್ನಾವರದ ಬಯಲಿನಲ್ಲಿ ಆ ಮಾತೇ ಇಲ್ಲ. ಇಲ್ಲಿ ಕಾಳನ್ನು ಮೇಲಕ್ಕೆತ್ತಬೇಕು, ಅಡಿಯಿಂದ ಗಾಳಿ ಆಡಬೇಕು, ಇಲಿ ಹತ್ತಬಾರದು, ಒರಲೆ ಏರಬಾರದು. ಬಡ ರೈತ ಇದನ್ನು ಬಿದಿರಿನ ಕಣಜ ಹೆಣೆದು ಸಗಣಿ ಸಾರಿಸಿ, ಇಲ್ಲವೇ ಹುಲ್ಲಿನ ಹಗ್ಗ ಸುತ್ತಿ ಮುಡಿ ಕಟ್ಟಿ ಸಾಧಿಸಿದ. ಉಳ್ಳವರು ಪಣತ ಎಂಬ ಮರದ ಧಾನ್ಯಾಗಾರ ಕಟ್ಟಿಸಿದರು. ತೆಂಕಣಕ್ಕೆ ಹೋದಂತೆ ಕಾಸರಗೋಡಿನ ಕನ್ನಡದ ಮನೆಗಳಲ್ಲಿ ಇದರ ಸೋದರನನ್ನು ಪತ್ತಾಯವೆಂದು ಕರೆಯುತ್ತಾರೆ. ಜಪಾನಿನ ನಾರಾ ಊರಿನಲ್ಲಿ 8ನೇ ಶತಮಾನದ ಶೋಸೋಯಿನ್ ಎಂಬ ಉಗ್ರಾಣವೂ ಕಂಬಗಳ ಮೇಲೆ ಎತ್ತಿ ನಿಲ್ಲಿಸಿದ ಮರದ ಕಟ್ಟಡವೇ. ಮಳೆ ಹೆಚ್ಚಿದ್ದಲ್ಲಿ ಮನುಷ್ಯನ ಬುದ್ಧಿ ಹೆಚ್ಚುಕಡಿಮೆ ಒಂದೇ ದಾರಿ ಹಿಡಿದಿದೆ.

ಕಟ್ಟುವ ಕ್ರಮದಲ್ಲಿ ಗುಟ್ಟೇನೂ ಇಲ್ಲ. ಚಿರೇಕಲ್ಲಿನ ಎತ್ತರದ ಪಂಚಾಂಗ, ಅದರ ಮೇಲೆ ಕಂಬಕ್ಕೊಂದು ಕಗ್ಗಲ್ಲಿನ ಅಡಿಗಲ್ಲು. ಕಂಬವನ್ನು ಮಣ್ಣಿನಲ್ಲಿ ಹೂಳುವುದಿಲ್ಲ, ಕಲ್ಲಿನ ಮೇಲೆ ಕೂರಿಸುತ್ತಾರೆ. ಕಂಬದ ತಲೆಯಲ್ಲಿ ನಾಲಿಗೆ ಬಿಟ್ಟು ತೊಲೆಯ ತೂತಿಗೆ ಇಳಿಸಿ, ಅಡ್ಡಕ್ಕೆ ಬೈರಿಗೆಯಿಂದ ಕೊರೆದು ಮರದ ಮೊಳೆ ಹೊಡೆಯುತ್ತಾರೆ. ಅಡ್ಡತೊಲೆಯ ನಡುವೆ ಗುಜ್ಜು ನಿಲ್ಲಿಸಿ ಮಾಡಿನ ನೆತ್ತಿಯ ಉದ್ದತೊಲೆಯನ್ನು ಹೊರಿಸುತ್ತಾರೆ. ಅದರಿಂದ ಎರಡೂ ಕಡೆಗೆ ಪಕಾಸಿ, ಪಕಾಸಿಯ ಮೇಲೆ ರೀಪು. ಇಡೀ ಚೌಕಟ್ಟು ಬಿಚ್ಚಿ ಇನ್ನೊಂದೆಡೆ ಕೂಡಿಸಬಹುದಾದದ್ದು. ಈ ಗುಣವೇ ಮುಂದೆ ಸಂಶೋಧಕರಿಗೆ ತೊಡಕಾಗುತ್ತದೆ.

ಯಾವ ಮರ ಎಂಬುದು ಕಾಲ ಮತ್ತು ಹಕ್ಕು ಎರಡನ್ನೂ ಹೇಳುತ್ತದೆ. ಸಾಗವಾನಿ, ಬೀಟೆ, ಗಂಧ ಬ್ರಿಟಿಷರ ಕಾಲದಲ್ಲಿ ಸರ್ಕಾರದ ಮರಗಳು. ರೈತ ತನ್ನ ಹಿತ್ತಿಲಲ್ಲಿ ಬೆಳೆದದ್ದನ್ನೂ ಮನಬಂದಂತೆ ಕಡಿಯುವಂತಿರಲಿಲ್ಲ. ಹಾಗಾಗಿ ಕೊಟ್ಟಿಗೆ, ಪಣತಗಳ ಕಂಬಗಳು ಸಾಮಾನ್ಯವಾಗಿ ಮತ್ತಿ, ಹೊನ್ನೆ, ನಂದಿ, ಕಿಂದಳ, ಹಲಸಿನವು. ಪಕಾಸಿಗೆ ಬೈನೆ, ತೆಂಗು. ರೀಪಿನ ಜಾಗಕ್ಕೆ ಅಡಿಕೆಯ ದಬ್ಬೆ. ಸಾಧಾರಣ ರೈತನ ಕೊಟ್ಟಿಗೆಯಲ್ಲಿ ದಪ್ಪ ಸಾಗವಾನಿ ತೊಲೆ ಕಂಡರೆ ಅದು ಎಲ್ಲಿಂದ ಬಂತು ಎಂದು ಕೇಳಲೇಬೇಕು. ಹರಾಜಿನಲ್ಲಿ ಕೊಂಡದ್ದೇ, ಇಳಿಸಿದ ದೊಡ್ಡ ಮನೆಯದೇ, ಒಡೆದ ಮಚವೆಯದೇ?

ಸಾಗವಾನಿ ಅಪರೂಪವಾಗಿರುವುದರಿಂದ ಕಾಲನಿರ್ಣಯಕ್ಕೂ ಪೆಟ್ಟು ಬಿದ್ದಿದೆ. ಯುರೋಪಿನಲ್ಲಿ ಹಳೆಯ ಓಕ್ ತೊಲೆಗಳ ವಾರ್ಷಿಕ ಉಂಗುರಗಳನ್ನು ಎಣಿಸಿ, ಹೋಲಿಸಿ ಮರ ಕಡಿದ ವರ್ಷವನ್ನೇ ಹೇಳುತ್ತಾರೆ. ಉಷ್ಣವಲಯದಲ್ಲಿ ಅಂಥ ನಂಬಬಹುದಾದ ಉಂಗುರ ಬಿಡುವ ಕೆಲವೇ ಮರಗಳಲ್ಲಿ ಸಾಗವಾನಿ ಒಂದು. ದಕ್ಷಿಣ ಭಾರತದ ಹಳೆಯ ಮಳೆಯ ಏರಿಳಿತವನ್ನು ವಿಜ್ಞಾನಿಗಳು ಅದರ ಉಂಗುರಗಳಿಂದಲೇ ತಿಳಿಯಲು ಹೊರಟಿದ್ದಾರೆ. ಹಲಸಿನಂಥ ನಿತ್ಯಹಸಿರು ಮರದಲ್ಲಿ ವರ್ಷಕ್ಕೊಂದು ಉಂಗುರ ಎಂಬ ಲೆಕ್ಕ ನಿಲ್ಲುವುದಿಲ್ಲ. ಇಂಗಾಲದ ಕಾಲಮಾಪನವೂ ಇಲ್ಲಿ ಹೆಚ್ಚು ನೆರವಾಗದು. ಸುಮಾರು 1650ರಿಂದ ಈಚಿನ ಮರಕ್ಕೆ ಅದು ಒಂದೇ ಅಳತೆಗೆ ಎರಡು ಮೂರು ಬೇರೆ ಬೇರೆ ಅವಧಿಗಳನ್ನು ಕೊಡುತ್ತದೆ. ನಮ್ಮ ಕೊಟ್ಟಿಗೆಗಳು ಹೆಚ್ಚಾಗಿ ಆ ಅವಧಿಯೊಳಗಿನವೇ.

ಅದಕ್ಕಿಂತ ಹಳೆಯ ಮರದ ಕಟ್ಟಡ ಹೇಗಿತ್ತು ಎಂಬುದಕ್ಕೆ ಉತ್ತರ ಸಿಗುವುದು ಕಲ್ಲಿನಲ್ಲಿ. ಭಟ್ಕಳದ ಕೇತಪೈ ನಾರಾಯಣ ದೇವಾಲಯ, ಜಟ್ಟಪ್ಪ ನಾಯಕನ ಚಂದ್ರನಾಥ ಬಸದಿಗಳ ಮಾಡು ನೋಡಬೇಕು. ಇಳಿಜಾರಾಗಿ ಹಾಸಿದ ಕಲ್ಲಿನ ಚಪ್ಪಡಿಗಳು, ಚಪ್ಪಡಿಗಳ ಸಂದಿಗೆ ನೀರಿಳಿಯದಂತೆ ಮುಚ್ಚಿದ ಕಲ್ಲಿನ ಪಟ್ಟಿಗಳು. ಇದು ಮರದ ಹಲಗೆ ಹೊದಿಸುವವನ ಯೋಚನೆ. ಕಲ್ಲುಕುಟಿಗ ಬಡಗಿಯ ಕೆಲಸವನ್ನು ಎದುರಿಗಿಟ್ಟುಕೊಂಡೇ ಕೆಲಸ ಮಾಡಿದ್ದಾನೆ ಎಂದು ನನಗೆ ಅನ್ನಿಸುತ್ತದೆ. ಮೂಡುಬಿದಿರೆಯ 1430ರ ಸಾವಿರ ಕಂಬದ ಬಸದಿಯಲ್ಲಿ ಮೇಲಂತಸ್ತುಗಳು ಮರದವೇ ಆಗಿ ಉಳಿದಿವೆ. ಇವೆರಡನ್ನೂ ಒಟ್ಟಿಗೆ ಇಟ್ಟು ನೋಡಿದರೆ, ಕರಾವಳಿಯ ಇಳಿಮಾಡಿನ ಮರದ ಚೌಕಟ್ಟು ಗೇರುಸೊಪ್ಪೆಯ ಚೆನ್ನಭೈರಾದೇವಿಯ ಕಾಲಕ್ಕೆ, ಅಂದರೆ 16ನೇ ಶತಮಾನದ ಹೊತ್ತಿಗೆ, ಹಳೆಯ ವಿದ್ಯೆಯೇ ಆಗಿತ್ತು ಎನ್ನಲು ಅಡ್ಡಿಯಿಲ್ಲ.

ಮರದ ಧಾನ್ಯಾಗಾರಗಳ ಅಧ್ಯಯನ ಹೆಚ್ಚು ಬೆಳೆದಿರುವುದು ಇಂಗ್ಲೆಂಡಿನಲ್ಲಿ. ಎಸೆಕ್ಸಿನ ಕ್ರೆಸಿಂಗ್ ಟೆಂಪಲ್‌ನಲ್ಲಿ 13ನೇ ಶತಮಾನದ ಎರಡು ಭಾರಿ ಉಗ್ರಾಣಗಳು ಇಂದಿಗೂ ನಿಂತಿವೆ. ಸೆಸಿಲ್ ಹ್ಯೂಯೆಟ್ ಎಂಬವರು ಅಲ್ಲಿಯ ಬೆಸುಗೆಗಳನ್ನು ಒಂದೊಂದಾಗಿ ಚಿತ್ರಿಸಿ, ತೊಲೆಗೆ ತೊಲೆ ಸೇರಿಸುವ ಕಚ್ಚಿನ ಆಕಾರ ಕಾಲದಿಂದ ಕಾಲಕ್ಕೆ ಹೇಗೆ ಬದಲಾಯಿತು ಎಂದು ತೋರಿಸಿ, 1969ರಲ್ಲಿ ಪುಸ್ತಕ ತಂದರು. ಅವರ ಹಾದಿ ಹಿಡಿದವರು ಕಣ್ಣೆತ್ತಿ ಮಾಡನ್ನು ಮೊದಲು ನೋಡುತ್ತಾರೆ, ಏಕೆಂದರೆ ಅಲ್ಲಿ ಮಾಡಿನ ಮರಗೆಲಸ ಶತಮಾನಗಟ್ಟಲೆ ಹಾಗೇ ಉಳಿದಿರುತ್ತದೆ. ಆ ಪದ್ಧತಿಯನ್ನು ತದಡಿಗೆ ತಂದರೆ ದಾರಿ ತಪ್ಪುತ್ತದೆ. ಇಲ್ಲಿ ಕಟ್ಟಡದ ಅತಿ ಎಳೆಯ ಭಾಗವೇ ಮಾಡು.

ಕಾರಣ ಹೀಗಿದೆ. ಬಹುಕಾಲ ನಮ್ಮ ಕೊಟ್ಟಿಗೆಗಳಿಗೆ ಹೊದಿಕೆಯಾಗಿದ್ದದ್ದು ತೆಂಗಿನ ಮಡ್ಲು, ಅಡಿಕೆಯ ಸೋಗೆ, ಕರಡದ ಹುಲ್ಲು. ಅವನ್ನು ಮಳೆಗೆ ಮುಂಚೆ ವರ್ಷ ವರ್ಷ ಬದಲಿಸಬೇಕು. ಬದಲಿಸುವಾಗ ಹಾಳಾದ ಪಕಾಸಿಗಳೂ ಬದಲಾಗುತ್ತವೆ. 1865ರಲ್ಲಿ ಬಾಸೆಲ್ ಮಿಶನ್ನಿನ ಗೇಯೋರ್ಗ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ಕೆಂಪು ಹಂಚು ಕಡಲ ದಾರಿಯಿಂದ ಕರಾವಳಿಯುದ್ದಕ್ಕೂ ಹರಡಿತು. ಮೊದಲು ದೊಡ್ಡ ಮನೆಗೆ, ಎಷ್ಟೋ ವರ್ಷಗಳ ಮೇಲೆ ಕೊಟ್ಟಿಗೆಗೆ. ಸೋಗೆಯ ಮಾಡು ನೀರು ಬೇಗ ಜಾರಲೆಂದು ಕಡಿದಾಗಿರಬೇಕು. ಹಂಚಿಗೆ ಅಷ್ಟು ಇಳಿಜಾರು ಬೇಡ. ಹಂಚು ಭಾರ, ರೀಪಿನ ಅಂತರ ಸುಮಾರು ಒಂದಡಿಗೆ ಸರಿಯಾಗಿ ಇರಬೇಕು. ಹೀಗಾಗಿ ಹಂಚು ಹಾಕಿಸಿದವರು ಅನೇಕ ಕಡೆ ಮಾಡಿನ ಮರವನ್ನೆಲ್ಲ ಹೊಸದಾಗಿ ಕೂಡಿಸಿದರು. ತೊಲೆಯ ಮೇಲೆ ಈಗಿನ ಪಕಾಸಿಗೆ ಹೊಂದದ ಹಳೆಯ ಕಚ್ಚುಗಳು ಕಂಡರೆ, ಬೇರೆ ಇಳಿಜಾರಿನ ಗುರುತು ಸಿಕ್ಕರೆ, ಅಲ್ಲಿ ಮೊದಲು ಸೋಗೆಯ ಮಾಡು ಇತ್ತೆಂದು ತಿಳಿಯಬಹುದು.

ಹಂಚಿನ ಬೆನ್ನಿನ ಮೇಲಿನ ಇಸವಿಯ ಬಗ್ಗೆ ಒಂದು ಎಚ್ಚರಿಕೆ ಹೇಳಲೇಬೇಕು. ಬಾಸೆಲ್ ಮಿಶನ್ ಹಂಚಿನಲ್ಲಿ 1865 ಎಂದೂ ಅಲ್ಬುಕರ್ಕ್ ಹಂಚಿನಲ್ಲಿ 1868 ಎಂದೂ ಅಚ್ಚಾಗಿರುತ್ತದೆ. ಅದು ಕಾರ್ಖಾನೆ ಹುಟ್ಟಿದ ವರ್ಷ. ಅದೇ ಅಚ್ಚು ದಶಕಗಳ ಕಾಲ ಹಂಚು ಒತ್ತಿದೆ. ಆ ಅಂಕೆ ನೋಡಿ ತಮ್ಮ ಕೊಟ್ಟಿಗೆಗೆ ನೂರಾ ಅರವತ್ತು ವರ್ಷ ಎಂದು ಹೇಳಿಕೊಳ್ಳುವವರಿಗೆ ಬೇಸರವಾದೀತು, ಆದರೆ ಹಂಚು ಹೇಳುವುದು ‘ಈ ವರ್ಷಕ್ಕಿಂತ ಮೊದಲಿನದಲ್ಲ’ ಎಂಬಷ್ಟನ್ನೇ. ಅದೂ ಮಾಡಿನ ಬಗ್ಗೆ ಮಾತ್ರ.

ಆದ್ದರಿಂದ ಇಲ್ಲಿ ಓದು ಕೆಳಗಿನಿಂದ ಶುರುವಾಗಬೇಕು. ಪಂಚಾಂಗ, ನೆಲ, ಕಂಬದ ಕಾಲು, ಕಂಬದ ಎದೆಯೆತ್ತರ, ಆಮೇಲೆ ತೊಲೆ, ಕೊನೆಗೆ ಮಾಡು. ಬಾಚಿಯಿಂದ ಕೆತ್ತಿದ ಕಂಬದ ಮೈಯಲ್ಲಿ ಅಂಗೈ ಆಡಿಸಿದರೆ ಸಣ್ಣ ಸಣ್ಣ ತಗ್ಗುಗಳು ಸಿಗುತ್ತವೆ. ಕೈಗರಗಸದಲ್ಲಿ ಇಬ್ಬರು ಕೊಯ್ದ ಹಲಗೆಯಲ್ಲಿ ಗೆರೆಗಳು ನೇರ, ಆದರೆ ಒಂದಕ್ಕೊಂದು ಸಮವಲ್ಲ. ಮಿಲ್ಲಿನ ಚಕ್ರಗರಗಸ ಕಮಾನಿನಂಥ ಗೆರೆ ಬಿಡುತ್ತದೆ. ಕಮ್ಮಾರ ಬಡಿದು ಮಾಡಿದ ಮೊಳೆಗೆ ಚೌಕ ಮೈ. ಕಾರ್ಖಾನೆಯ ತಂತಿಮೊಳೆಗೆ ದುಂಡು ಮೈ. ಇವೆಲ್ಲ ಕಾಲವನ್ನು ಮುಂಚೆ–ಆಮೇಲೆ ಎಂದು ಬಿಡಿಸುತ್ತವೆ, ಇಸವಿ ಹೇಳುವುದಿಲ್ಲ. ಮರ ಕಪ್ಪಾಗಿದ್ದರೆ ಒಲೆ ಇತ್ತೆಂದು ತೀರ್ಮಾನಿಸುವುದೂ ಆತುರ. ಒರಲೆ ಹತ್ತದಂತೆ ಗೇರೆಣ್ಣೆ ಬಳಿಯುವುದು ಈ ಕರಾವಳಿಯ ಹಳೆಯ ರೂಢಿ. ಅದರ ಕಪ್ಪು ಮರದೊಳಕ್ಕೆ ಇಳಿದಿರುತ್ತದೆ, ಹೊಗೆಯ ಕಪ್ಪು ಮೇಲೆ ಕೂತಿರುತ್ತದೆ, ಉಜ್ಜಿದರೆ ಕೈಗೆ ಬರುತ್ತದೆ.

ಬಳಕೆಯ ಪ್ರಶ್ನೆಗೆ ಬಂದರೆ, ಮೊದಲು ಭತ್ತ. ಮೂರು ಮೀಟರ್ ಉದ್ದ, ಮೂರು ಮೀಟರ್ ಅಗಲದ ಕೋಣೆಯಲ್ಲಿ ಎರಡು ಮೀಟರ್ ಎತ್ತರಕ್ಕೆ ಭತ್ತ ಸುರಿದರೆ 18 ಘನ ಮೀಟರ್, ಸುಮಾರು ಹತ್ತು ಟನ್ ತೂಕ. ಅಷ್ಟನ್ನು ಹೊರುವ ಜಂತಿಗಳು ದಪ್ಪನಾಗಿ, ಹತ್ತಿರ ಹತ್ತಿರ ಇರಲೇಬೇಕು. ಇನ್ನೊಂದು ಕುರುಹು ಇದಕ್ಕಿಂತ ಖಚಿತ. ಕಾಳು ಗೋಡೆಯನ್ನು ಹೊರಕ್ಕೆ ತಳ್ಳುತ್ತದೆ. ಹಾಗಾಗಿ ಪಣತದ ಹಲಗೆಗಳನ್ನು ಕಂಬದ ಒಳಮೈಗೆ ಕೂರಿಸುತ್ತಾರೆ, ಭಾರ ಹಲಗೆಯನ್ನು ಕಂಬಕ್ಕೇ ಒತ್ತಿ ಹಿಡಿಯಲಿ ಎಂದು. ಬರೀ ಮಳೆಗೆ ಮರೆಯಾಗಿ ಹಾಕಿದ ಹಲಗೆ ಹೊರಮೈಯಲ್ಲಿರುತ್ತದೆ. ಬಾಗಿಲಿನ ಎರಡೂ ಕಂಬಗಳಲ್ಲಿ ಮೇಲಿನಿಂದ ಕೆಳಕ್ಕೆ ಗಾಡಿ, ಅಂದರೆ ಉದ್ದನೆಯ ತೋಡು, ಕೊರೆದು, ಅಡ್ಡ ಹಲಗೆಗಳನ್ನು ಒಂದರ ಮೇಲೊಂದು ಇಳಿಸುವ ಏರ್ಪಾಡು ಇದ್ದರೆ ಸಂಶಯವೇ ಬೇಡ. ಭತ್ತ ಏರಿದಂತೆ ಹಲಗೆ ಇಳಿಸುವುದು, ತೆಗೆದಂತೆ ಒಂದೊಂದೇ ಬಿಚ್ಚುವುದು. ಈಗ ಹಲಗೆಗಳಿಲ್ಲದಿದ್ದರೂ ಗಾಡಿ ಉಳಿದಿರುತ್ತದೆ.

ಆದರೆ ಇಷ್ಟು ಭತ್ತ ಯಾರದು? ಅಘನಾಶಿನಿಯ ಹಿನ್ನೀರಿನ ಗಜನಿಗಳಲ್ಲಿ, ಮಣ್ಣಿನ ದಂಡೆ ಮತ್ತು ಮರದ ತೂಬುಬಾಗಿಲಿನಿಂದ ಉಪ್ಪುನೀರನ್ನು ತಡೆದು ಬೆಳೆಯುತ್ತಿದ್ದ ಕಗ್ಗ ಭತ್ತ ಒಂದು ಕುಟುಂಬದ ಪಾಲಿಗೆ ಹತ್ತು ಟನ್ ಬರುವಂಥದ್ದಲ್ಲ. ದೊಡ್ಡ ಪಣತ ಗೇಣಿಯ ಲೆಕ್ಕ ಹೇಳುತ್ತದೆ. ಖಂಡುಗಕ್ಕೆ ಇಪ್ಪತ್ತು ಕೊಳಗದಂತೆ ಅಳೆದು ಒಕ್ಕಲುಗಳು ತಂದು ಸುರಿದ ಭತ್ತಕ್ಕಾಗಿ ಕಟ್ಟಿದ ಮನೆ ಅದು. ಅದರ ಎದುರಿಗೆ ಅಳತೆಗೆಂದೇ ಬಿಟ್ಟ ಅಗಲವಾದ ಜಗುಲಿ ಇದ್ದರೆ ಆ ಮಾತಿಗೆ ಬಲ ಬರುತ್ತದೆ. ಉತ್ತರ ಕನ್ನಡದ ಗೇಣಿ ಒಕ್ಕಲುಗಳ ಕಷ್ಟ ಎಂಥದ್ದೆಂಬುದು ದಿನಕರ ದೇಸಾಯಿಯವರು 1940ರ ಸುಮಾರಿಗೆ ನಡೆಸಿದ ರೈತ ಚಳವಳಿಯಿಂದ ನಾಡಿಗೆಲ್ಲ ಗೊತ್ತಾಯಿತು. ಅದಕ್ಕಾಗಿ ಅವರು ಜಿಲ್ಲೆಯಿಂದ ಗಡಿಪಾರಾದರು. 1974ರ ಮಾರ್ಚ್ 1ರಿಂದ ಭೂಸುಧಾರಣೆಯ ತಿದ್ದುಪಡಿ ಜಾರಿಯಾಗಿ ಗೇಣಿ ನಿಂತಾಗ ಇಂಥ ಪಣತಗಳು ಕಟ್ಟಿದ ಉದ್ದೇಶವನ್ನೇ ಕಳೆದುಕೊಂಡವು. ಹಲಗೆ ಬಿಚ್ಚಿ ದನ ಕಟ್ಟಿದ್ದು ಆಮೇಲೆ. ಇಂದು ‘ಅಜ್ಜನ ಕಾಲದ ದನದ ಕೊಟ್ಟಿಗೆ’ ಎಂದು ಕೇಳಿಬರುವ ಮಾತಿನ ಹಿಂದೆ ಎಷ್ಟೋ ಕಡೆ ಈ ತಿರುವು ಅಡಗಿರಬಹುದು. ಒಕ್ಕಲು ಮಕ್ಕಳ ಬೆವರಿನ ದಾಖಲೆಯಾಗಿ ಈ ಕಟ್ಟಡಗಳನ್ನು ಓದುವುದು ನನಗೆ ಮುಖ್ಯವೆನಿಸುತ್ತದೆ. ಬಡಗಿಯ ಕುಶಲತೆಯನ್ನಷ್ಟೇ ಹೊಗಳಿದರೆ ಅರ್ಧ ಮಾತು ಬಿಟ್ಟಂತೆ.

ಮೊದಲಿನಿಂದಲೂ ದನಕ್ಕೆಂದೇ ಕಟ್ಟಿದ್ದನ್ನು ಗುರುತಿಸುವುದು ಸುಲಭ. ಇಲ್ಲಿಯ ಸೊಪ್ಪಿನ ಕೊಟ್ಟಿಗೆಯ ನೆಲ ಹೊಸಿಲಿಗಿಂತ ತಗ್ಗು; ದರಕು, ಹಸಿಸೊಪ್ಪು ಹಾಸಿ ದನ ತುಳಿದು ಗೊಬ್ಬರ ಏರುತ್ತಾ ಬರಲಿ ಎಂದು. ಹಾಗಾಗಿ ಅಡಿಗಲ್ಲುಗಳು ಗೊಬ್ಬರದ ಮಟ್ಟಕ್ಕಿಂತ ಮೇಲೆ ಬರುವಷ್ಟು ಉದ್ದ. ಎದೆಯೆತ್ತರದಲ್ಲಿ ದನ ಮೈ ಉಜ್ಜಿ ಕಂಬ ನುಣುಪಾಗಿರುತ್ತದೆ, ಹಗ್ಗ ತಿಂದ ಗೆರೆ ಇರುತ್ತದೆ, ಗೋದಲಿಯ ಕುರುಹು ಇರುತ್ತದೆ. ಎತ್ತರದ ಪಂಚಾಂಗ, ಗಿಡ್ಡ ಅಡಿಗಲ್ಲು ಇದ್ದು ದನ ಕಟ್ಟಿದ್ದರೆ, ದನ ಅಲ್ಲಿಗೆ ನಂತರ ಬಂದದ್ದು.

ತದಡಿಗೆ ವಿಶೇಷವಾದದ್ದು ಉಪ್ಪು. ಪಕ್ಕದ ಸಾಣಿಕಟ್ಟಾದ ಆಗರಗಳಲ್ಲಿ ಇಂದಿಗೂ ಉಪ್ಪು ತೆಗೆಯುತ್ತಾರೆ. ನದಿಯ ಮೇಲ್ದಂಡೆಯ ಉಪ್ಪಿನಪಟ್ಟಣದವರೆಗೆ ದೋಣಿ ಹೋಗುತ್ತಿತ್ತು, ಅಲ್ಲಿಂದ ಘಟ್ಟಕ್ಕೆ ಎತ್ತಿನ ಹೇರು. ಮಳೆಗಾಲ ಪೂರ್ತಿ ಉಪ್ಪನ್ನು ನೆನೆಯದಂತೆ ಕೂಡಿಡಲು ಮಾಡಿನ ಕೆಳಗೆ ಜಾಗ ಬೇಕು. ಉಪ್ಪು ಘನ ಮೀಟರಿಗೆ ಒಂದು ಟನ್ನಿಗೂ ಮಿಕ್ಕಿ ತೂಗುತ್ತದೆ, ಭತ್ತದ ಹೆಚ್ಚುಕಡಿಮೆ ಎರಡು ಪಟ್ಟು. ಹಲಗೆ ನೆಲ ಅದಕ್ಕೆ ತಾಳದು. ನೆಲದ ಮೇಲೇ ರಾಶಿ ಹಾಕುವುದು ಕ್ರಮ. ಕಬ್ಬಿಣ ಅಲ್ಲಿ ಬಾಳುವುದಿಲ್ಲ. ಮೊಳೆ ತುಕ್ಕು ಹಿಡಿದು ಉಬ್ಬಿ ಮರವನ್ನೇ ಸೀಳುತ್ತದೆ. ಮರದ ಮೊಳೆ, ಬೆಣೆ, ತೆಂಗಿನ ಹುರಿಯ ಕಟ್ಟೇ ಸರಿ. ಉಪ್ಪು ಹೀರಿದ ಮರಕ್ಕೆ ಒರಲೆ, ಬೂಸಲು ಅಷ್ಟಾಗಿ ಹತ್ತುವುದಿಲ್ಲ. ಆದರೆ ಉಪ್ಪು ಕರಗಿ, ಮತ್ತೆ ಹರಳುಗಟ್ಟಿ, ಮರದ ಮೇಲ್ಮೈಯನ್ನು ಎಳೆ ಎಳೆಯಾಗಿ ಬಿಡಿಸುತ್ತದೆ. ಕಂಬದ ಕೆಳಭಾಗ ತೆಂಗಿನ ನಾರಿನ ಹಾಗೆ ಎದ್ದು, ಒಂದು ಎತ್ತರದ ಮೇಲೆ ಥಟ್ಟನೆ ನಯವಾಗಿದ್ದರೆ, ಆ ಗೆರೆಯವರೆಗೆ ಉಪ್ಪಿನ ರಾಶಿ ಇತ್ತೆಂದು ಊಹಿಸಬಹುದು. ಒಳಗೆ ಗಟ್ಟಿ, ಹೊರಗೆ ನಾರು: ಬೇರೆ ಬಳಕೆಯಲ್ಲಿ ಈ ಜೋಡಿ ಸಾಮಾನ್ಯವಾಗಿ ಕಾಣದು.

ಕುಮಟಾ ಪೇಟೆಯ ವಖಾರಿಗಳದು ಬೇರೆಯೇ ಕತೆ. ಧಾರವಾಡ ಸೀಮೆಯ ಹತ್ತಿ ದೇವಿಮನೆ ಘಟ್ಟ ಇಳಿದು ಇಲ್ಲಿಂದ ಮುಂಬಯಿಗೆ ಹಡಗು ಹತ್ತುತ್ತಿತ್ತು. ಬೆಳೆದದ್ದು ಘಟ್ಟದ ಮೇಲಾದರೂ ಸಾಗಿಸಿದ ಬಂದರಿನ ಹೆಸರಲ್ಲಿ ಅದು ‘ಕುಮಟಾ ಹತ್ತಿ’ ಎಂದೇ ಮಾರುಕಟ್ಟೆಯಲ್ಲಿ ಪ್ರಸಿದ್ಧವಾಯಿತು. ಅಮೆರಿಕದ ಅಂತರ್ಯುದ್ಧದ 1861–65ರ ವರ್ಷಗಳಲ್ಲಿ ಬೆಲೆ ಗಗನಕ್ಕೇರಿದಾಗ ಈ ದಾರಿ ಗಿಜಿಗುಟ್ಟಿತು. ಹತ್ತಿಗೆ ತೂಕಕ್ಕಿಂತ ಜಾಗ ಬೇಕು, ಅಗಲ ಬಾಗಿಲು ಬೇಕು, ಬೆಂಕಿಯ ಭಯಕ್ಕೆ ಸುತ್ತ ಚಿರೇಕಲ್ಲಿನ ಗೋಡೆ ಬೇಕು. ಮರ ಮಾಡಿಗೆ ಮಾತ್ರ. 1880ರ ದಶಕದ ಕೊನೆಗೆ ಹುಬ್ಬಳ್ಳಿಯಿಂದ ಲೋಂಡಾ ಮೂಲಕ ಮರ್ಮಗೋವಾಕ್ಕೆ ರೈಲು ಕೂಡಿಕೊಂಡಿತು, ಹತ್ತಿ ಅತ್ತ ತಿರುಗಿತು. ಖಾಲಿಯಾದ ವಖಾರಿಗಳಿಗೆ ಅಡಿಕೆ, ಕೊಬ್ಬರಿ ಬಂದವು.

ಇನ್ನು ಹಡಗಿನ ಮರದ ಮಾತು. ಇಂಗ್ಲೆಂಡಿನ ಜೋರ್ಡನ್ಸ್ ಎಂಬ ಹಳ್ಳಿಯ ಉಗ್ರಾಣವೊಂದು ಮೇಫ್ಲವರ್ ಹಡಗಿನ ಮರದಿಂದಲೇ ಆದದ್ದೆಂದು 1920ರಲ್ಲಿ ರೆಂಡೆಲ್ ಹ್ಯಾರಿಸ್ ವಾದಿಸಿದರು. ಇಂದಿನ ವಿದ್ವಾಂಸರು ಹೆಚ್ಚಿನವರು ಒಪ್ಪುವುದಿಲ್ಲ. ಕಡಲಿಂದ ದೂರದ ಊರುಗಳಲ್ಲಿ ಖಾಲಿ ತೂತು, ಬೇಡದ ಕಚ್ಚು ಕಂಡಾಗಲೆಲ್ಲ ಹಡಗಿನ ಕತೆ ಹುಟ್ಟುವುದು ಅಲ್ಲಿ ರೂಢಿ. ಅಳಿವೆಯ ದಂಡೆಯ ತದಡಿಯಲ್ಲಿ ಅದು ಅಸಂಭವವಲ್ಲ, ಮತ್ತು ಪರೀಕ್ಷಿಸಬಹುದಾದದ್ದು. ರಂಪಣಿ ಬಲೆಯ ದೋಣಿಗಳ ಹಲಗೆಗಳನ್ನು ತೆಂಗಿನ ಹುರಿಯಿಂದ ಹೊಲಿಯುತ್ತಿದ್ದರು. ಹಲಗೆಯ ಅಂಚಿನುದ್ದಕ್ಕೂ ಸಮ ಅಂತರದ ಸಣ್ಣ ತೂತುಗಳ ಸಾಲು, ಮೈಯಲ್ಲಿ ಮೆಲುವಾದ ಬಾಗು ಇದ್ದರೆ ಅದು ದೋಣಿಯದು. ಎಲ್ಲೋ ಒಂದೆರಡು ದೊಡ್ಡ ಚೌಕ ತೂತಿದ್ದರೆ ಅದು ಹಿಂದಿನ ಯಾವುದೋ ಮನೆಯ ಕಂಬ. ಚೌಕಟ್ಟು ಬಿಚ್ಚಿ ಕೂಡಿಸುವಂಥದ್ದು ಎಂದು ಮೊದಲೇ ಹೇಳಿದೆ. ಮರದ ವಯಸ್ಸೇ ಕಟ್ಟಡದ ವಯಸ್ಸು ಎಂದು ಹೇಳಲಾಗದು.

ಬರಹದ ಆಕರಗಳು ಇಲ್ಲವೆಂದಲ್ಲ. ಫ್ರಾನ್ಸಿಸ್ ಬುಕಾನನ್ 1801ರಲ್ಲಿ ಈ ದಾರಿಯಲ್ಲಿ ಹಾದು ಬೇಸಾಯ, ಗೇಣಿಗಳ ವಿವರ ಬರೆದಿಟ್ಟ. ಜಿಲ್ಲೆ 1862ರಲ್ಲಿ ಮುಂಬಯಿ ಪ್ರಾಂತ್ಯಕ್ಕೆ ಸೇರಿದ ಮೇಲೆ, 1883ರ ಗೆಜೆಟಿಯರಿನ 15ನೇ ಸಂಪುಟ ಕೆನರಾಕ್ಕೆ ಮೀಸಲಾಯಿತು. ಆದರೆ ಇವರೆಲ್ಲ ನೋಡಿದ್ದು ಬೆಳೆ, ಬಂದರು, ಕಂದಾಯ. ಕೊಟ್ಟಿಗೆಯ ಕಂಬದ ಮೇಲೆ ಕೈಯಾಡಿಸುವ ಪುರಸೊತ್ತು ಅವರಿಗಿರಲಿಲ್ಲ. ನಮ್ಮ ಕಾಲದಲ್ಲಿ ಮಣಿಪಾಲದ ವಿಜಯನಾಥ ಶೆಣೈಯವರು ಹಳೆಯ ಮನೆಗಳನ್ನು ಬಿಚ್ಚಿ ತಂದು ಹಸ್ತಶಿಲ್ಪದಲ್ಲಿ ಮತ್ತೆ ನಿಲ್ಲಿಸಿದ್ದು ದೊಡ್ಡ ಕೆಲಸ. ಮನೆಗೆ ಸಿಕ್ಕ ಆ ಗೌರವ ಕೊಟ್ಟಿಗೆ, ಪಣತಗಳಿಗೆ ಇನ್ನೂ ಸಿಗಬೇಕಾಗಿದೆ. ಹೆದ್ದಾರಿ ಅಗಲವಾಗುವಾಗ, ಪಾಲು ಹಂಚಿಕೆಯಾಗುವಾಗ ಮೊದಲು ನೆಲಕ್ಕುರುಳುವುದು ಅವೇ. ಮರ ಹಳೆಮರದ ವ್ಯಾಪಾರಿಯ ಲಾರಿ ಹತ್ತುತ್ತದೆ. ಅಘನಾಶಿನಿ ಅಳಿವೆ 2024ರಲ್ಲಿ ಜೌಗುಭೂಮಿಗಳ ರಾಮ್ಸರ್ ಪಟ್ಟಿಗೆ ಸೇರಿತು, ಹಕ್ಕಿ, ಚಿಪ್ಪು, ಕಾಂಡ್ಲಾ ಗಿಡಗಳ ಲೆಕ್ಕ ಆಗುತ್ತಿದೆ. ಅದೇ ಅಳಿವೆಯ ಭತ್ತ, ಉಪ್ಪುಗಳನ್ನು ಹೊತ್ತ ಕಟ್ಟಡಗಳ ಲೆಕ್ಕವೂ ಅದರ ಜೊತೆಯಲ್ಲೇ ಆಗಬೇಕು.

ಅದಕ್ಕೆ ದೊಡ್ಡ ಯೋಜನೆ ಬೇಕಿಲ್ಲ. ಇಳಿಸುವ ಮುಂಚೆ ಪ್ರತಿ ಕಂಬಕ್ಕೆ ಸೀಮೆಸುಣ್ಣದಲ್ಲಿ ನಂಬರು ಬರೆದು, ನಾಲ್ಕೂ ಮೈಯ ಫೋಟೋ ತೆಗೆದು, ಗಾಡಿ, ಕಚ್ಚು, ತೂತುಗಳ ಅಳತೆ ಬರೆದುಕೊಂಡರೆ ಅರ್ಧ ಕೆಲಸವಾಯಿತು. ಉಪ್ಪಿನ ಪ್ರಶ್ನೆಯನ್ನು ಕುಮಟಾದ ಯಾವುದೇ ಕಾಲೇಜಿನ ರಸಾಯನಶಾಸ್ತ್ರದ ಹುಡುಗರು ಬಗೆಹರಿಸಬಲ್ಲರು. ಕಂಬದ ಕೆಳಭಾಗದಿಂದ ಮತ್ತು ತಲೆಭಾಗದಿಂದ ಒಂದಿಷ್ಟು ಹೊಟ್ಟು ಕೆತ್ತಿ, ತೂಕ ಸಮ ಮಾಡಿ, ಬೇರೆ ಬೇರೆಯಾಗಿ ಭಟ್ಟಿನೀರಿನಲ್ಲಿ ನೆನೆಹಾಕಿ ಸೋಸಬೇಕು. ಎರಡು ಹನಿ ನೈಟ್ರಿಕ್ ಆಮ್ಲ, ಆಮೇಲೆ ಸಿಲ್ವರ್ ನೈಟ್ರೇಟ್. ಕಡಲ ಗಾಳಿಯ ಉಪ್ಪು ಎರಡರಲ್ಲೂ ತುಸು ಬಿಳುಪು ತಂದೀತು. ಕೆಳಗಿನದು ಮಾತ್ರ ಮೊಸರಿನಂತೆ ಗಟ್ಟಿಯಾಗಿ ಒಡೆದು ತಳ ಸೇರಿದರೆ, ಹತ್ತಿರದ ಸಾಧಾರಣ ಮನೆಯ ಕಂಬದ ಹೊಟ್ಟಿನಲ್ಲಿ ಹಾಗಾಗದಿದ್ದರೆ, ಆ ಕೊಟ್ಟಿಗೆಯನ್ನು ಉಪ್ಪಿನ ಉಗ್ರಾಣಗಳ ಪಟ್ಟಿಗೆ ಸೇರಿಸಬಹುದು.